ಒಪ್ಪಿದ್ದನ್ನು ಬರೆಯದ ಪುಸ್ತಕ

2014 ಮಾರ್ಚ್ 9, ಭಾನುವಾರ
ಸೆಮಫೋರ್, ಅಡಿಲೇಡ್

ಪ್ರಿಯ ರಸ್ಮಾ,

ನಿನ್ನೆ ಸಂಘದ ಸಭೆ ನಡೆಯಿತು. ಹದಿನಾಲ್ಕು ಮನೆಗಳಲ್ಲಿ ಒಂಬತ್ತು ಮನೆಯವರು ಬಂದಿದ್ದರು. ಚರ್ಚೆಗೆ ಇದ್ದ ವಿಷಯ ಒಂದೇ: ನಮ್ಮ ಸಾಲ್ಟ್‌ಬುಷ್ ಗೃಹ ಸಹಕಾರ ಸಂಘ ಸ್ಯಾಂಡ್‌ಪೈಪರ್ ಎಂಬ ಲಾಭರಹಿತ ವಸತಿ ಸಂಸ್ಥೆಯಲ್ಲಿ ವಿಲೀನವಾಗಬೇಕೆ, ಬೇಡವೆ. ನಮ್ಮಂಥ ಇನ್ನೂ ನಾಲ್ಕು ಸಂಘಗಳು ಆಗಲೇ ಒಪ್ಪಿವೆ. ನಮ್ಮಲ್ಲಿ ಮತದಾನ ಜೂನ್ 21ಕ್ಕೆ. ಮುಕ್ಕಾಲು ಪಾಲು ಮನೆಗಳು ಒಪ್ಪಬೇಕು, ಅಂದರೆ ಹನ್ನೊಂದು.

ಫೋನಿನಲ್ಲಿ ಹೇಳಿದರೆ ನೀನು ಅರ್ಧ ಕೇಳಿಸಿಕೊಂಡು ಪೂರ್ತಿ ಜಗಳ ಆಡುತ್ತೀಯ. ಅದಕ್ಕೇ ಕಾಗದ.

ಕಾರಣಗಳನ್ನು ನೀನು ಊಹಿಸಬಲ್ಲೆ. ಹೊಸ ಕಾನೂನು ಬಂದಿದೆ, ಅದು ಕೇಳುವ ವರದಿಗಳನ್ನು ತುಂಬಲು ನಮ್ಮಲ್ಲಿ ಯಾರಿಗೂ ಬರುವುದಿಲ್ಲ. ದುರಸ್ತಿ ನೋಡಿಕೊಳ್ಳುವ ಕ್ಲೈವ್‌ಗೆ ಎರಡೂ ಮಂಡಿ ಹೋಗಿವೆ. ಲೆಕ್ಕ ನೋಡುವ ಹಾನ್‌ಗೆ ಮೊಮ್ಮಕ್ಕಳು. ಎರಡು ವರ್ಷದಿಂದ ಅಧ್ಯಕ್ಷರಿಲ್ಲ. ನಿನ್ನೆ ಕ್ಲೈವ್ ಆ ಖಾಲಿ ಕುರ್ಚಿಯ ಮೇಲೆ ತನ್ನ ಟೋಪಿ ಇಟ್ಟು, "ಇವ್ರನ್ನೇ ಆರಿಸಿಬಿಡೋಣ, ತಲೆ ಇಲ್ದೇ ಇರೋದು ಒಂದೇ ಕೊರತೆ" ಅಂದ. ಎಲ್ಲರೂ ನಕ್ಕರು. ಅಧ್ಯಕ್ಷರಾಗುತ್ತೇನೆ ಎಂದು ಯಾರೂ ಮುಂದೆ ಬರಲಿಲ್ಲ.

ನಾನು ಏನು ಯೋಚಿಸುತ್ತಿದ್ದೇನೆ ಎಂದು ಸದ್ಯಕ್ಕೆ ಕೇಳಬೇಡ. ನನಗೆ ಬೇಕಾದದ್ದು ಒಂದು ಪುಟ. 1996ರ ಜುಲೈ ಚಳಿಯಲ್ಲಿ, ನನಗೆ ಶಸ್ತ್ರಚಿಕಿತ್ಸೆ ಆಗುವ ಮೊದಲು, ನಿನ್ನ ಅಡುಗೆಮನೆಯಲ್ಲಿ ಸಭೆ ಸೇರಿತ್ತಲ್ಲ. ನನಗೆ ಏನಾದರೂ ಆದರೆ ನನ್ನ ಮಗ ಡಾರಿಲ್ ನಮ್ಮ ಮನೆಯಲ್ಲೇ ಇರಬಹುದು, ಅವನನ್ನು ಅಲ್ಲಿಂದ ಯಾರೂ ಎಬ್ಬಿಸುವುದಿಲ್ಲ ಎಂದು ಆವತ್ತು ಎಲ್ಲರೂ ಒಪ್ಪಿದ್ದರು. ನೀನು ಆಗ ಇನ್ನೂ ಇಲ್ಲೇ ಇದ್ದೆ, ಸಂಘದ ಕಾರ್ಯದರ್ಶಿ. ಅದು ಯಾವ ನಡಾವಳಿ ಪುಸ್ತಕದಲ್ಲಿದೆ? ವಿಲೀನವಾಗಲಿ ಬಿಡಲಿ, ಆ ಪುಟ ನನ್ನ ಕೈಯಲ್ಲಿರಬೇಕು. ನನಗೀಗ ಅರವತ್ತೊಂಬತ್ತು, ಅವನಿಗೆ ನಲವತ್ತಮೂರು. ಸಂಘದ ಸದಸ್ಯೆ ನಾನೊಬ್ಬಳೇ, ಅವನಲ್ಲ. ಅರ್ಜಿ, ಕಾಗದಪತ್ರ ಅಂದರೆ ಅವನೊಬ್ಬನಿಂದ ಆಗದು, ನಿನಗೇ ಗೊತ್ತು.

ನಿನ್ನ ಗ್ಲೆನಿಸ್


2014 ಮಾರ್ಚ್ 20
ಬರ್ನಿ, ಟಾಸ್ಮೇನಿಯಾ

ಪ್ರಿಯ ಗ್ಲೆನಿಸ್,

ನಿನ್ನ ಕಾಗದ ಓದಿ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಮಾತಾಡುವವರು ಯಾರಿದ್ದಾರೆ ಅನ್ನುವುದು ಬೇರೆ ವಿಷಯ.

ವಿಲೀನ ಅನ್ನುವುದು ಒಳ್ಳೆಯ ಪದ. ನುಂಗುವವರು ಬಳಸುವ ಪದ. ಇಪ್ಪತ್ತೆಂಟು ವರ್ಷದ ಹಿಂದೆ ನಾವು ಯಾಕೆ ಸೇರಿದೆವು, ನೆನಪಿದೆಯೆ? ಮನೆಯ ಒಡೆಯ ಅಂತ ಒಬ್ಬ ಇರಬಾರದು ಅಂತ. ನಮ್ಮ ಬಾಡಿಗೆ ನಾವೇ ಕೂಡಿಸಿ, ನಮ್ಮ ಸೂರು ನಾವೇ ರಿಪೇರಿ ಮಾಡಿ, ಖಾಲಿಯಾದ ಮನೆಗೆ ಯಾರು ಬರಬೇಕು ಅಂತ ನಾವೇ ಕೂತು ನಿರ್ಧರಿಸುವುದಕ್ಕೆ. ಈಗ ಆ ಒಡೆಯ ಲಾಭ ಬೇಡ ಅನ್ನುತ್ತಾನೆ ಅಂದ ಮಾತ್ರಕ್ಕೆ ಬಾಗಿಲು ತೆರೆಯಬೇಕೆ? ನಾಳೆ ಒಬ್ಬ ಹುಡುಗಿ ತಪಾಸಣೆ ಅಂತ ಕೈಯಲ್ಲಿ ಕಾಗದ ಸಿಕ್ಕಿಸಿದ ಹಲಗೆ ಹಿಡಿದು ಬಂದು ನಿನ್ನ ಬೀರು ತೆಗೆದು ನೋಡುತ್ತಾಳೆ. ಕ್ಲೈವ್‌ಗೆ ಹೇಳು, ಮಂಡಿ ಹೋದರೆ ನಾಲಿಗೆ ಇದೆಯಲ್ಲ, ಅದರಿಂದಲೇ ತಡೆಯಲಿ.

ಡಾರಿಲ್ ವಿಷಯ ಹಸಿರು ರಟ್ಟಿನ ಪುಸ್ತಕದಲ್ಲಿದೆ. ನಾನೇ ಬರೆದದ್ದು. ಅದನ್ನು ಅವರ ಮುಖದ ಮುಂದೆ ಹಿಡಿ, ಸಾಕು.

ಇಲ್ಲಿ ಗಾಳಿ ಶುರುವಾಗಿದೆ. ಹಿಂಬಾಗಿಲು ಮುಚ್ಚುತ್ತಿರಲಿಲ್ಲ. ಸೋಮವಾರ ಹೇಳಿದೆ, ಬುಧವಾರ ಒಬ್ಬರು ಬಂದು ಉಜ್ಜಿ ಸರಿಮಾಡಿ ಹೋದರು. ಈಗ ಬೆಚ್ಚಗಿದೆ.

ರಸ್ಮಾ


2014 ಏಪ್ರಿಲ್ 6, ಭಾನುವಾರ
ಸೆಮಫೋರ್

ಪ್ರಿಯ ರಸ್ಮಾ,

ಹಸಿರು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಆಮೇಲೆ ಕೆಂಪು ಪುಸ್ತಕ, ಆಮೇಲೆ ರಟ್ಟು ಕಿತ್ತುಹೋದದ್ದು. ಇಲ್ಲ.

ಅಲ್ಲಿ ಏನೇನಿದೆ ಗೊತ್ತೆ? ನಿಮ್ಮ ಮನೆಯ ಬೇಲಿಗೆ ನೀಲಿ ಬಣ್ಣವೋ ಹಸಿರೋ ಅನ್ನುವುದಕ್ಕೆ ಹನ್ನೊಂದು ಪುಟ. ಗೊಬ್ಬರದ ಗುಂಡಿಗೆ ಮಾಂಸದ ಚೂರು ಹಾಕಬಹುದೆ ಅನ್ನುವುದಕ್ಕೆ ಮೂರು ಸಭೆ. ಹಾನ್‌ಗೆ ಮನೆ ಕೊಟ್ಟ ದಿನ ಒಂದು ಸಾಲೂ ಇಲ್ಲ. ನನಗೆ ಮನೆ ಕೊಟ್ಟದ್ದೂ ಇಲ್ಲ. ಮೊದಲ ವರ್ಷದ ಜಗಳಗಳ ನಂತರ ನಾವು ಮಾಡಿಕೊಂಡ ನಿಯಮ ಆಮೇಲೆ ನೆನಪಾಯಿತು: ಭಿನ್ನಾಭಿಪ್ರಾಯ ಬಂದದ್ದನ್ನು ಮಾತ್ರ ಬರೆಯುವುದು, ಎಲ್ಲರೂ ಒಪ್ಪಿದ್ದನ್ನು ಬರೆಯುವುದು ಅಪನಂಬಿಕೆ. ಆಗ ಅದು ಎಷ್ಟು ದೊಡ್ಡ ಮಾತಾಗಿ ಕೇಳಿಸಿತ್ತು. ಡಾರಿಲ್ ವಿಷಯದಲ್ಲಿ ಒಬ್ಬರೂ ತಕರಾರು ಮಾಡಿರಲಿಲ್ಲ. ಯಾರಾದರೂ ಒಬ್ಬರು ಎದ್ದು ನಿಂತು ಬೇಡ ಎಂದಿದ್ದರೆ ಇವತ್ತು ನನ್ನ ಹತ್ತಿರ ಒಂದು ಪುಟ ಇರುತ್ತಿತ್ತು.

ಆವತ್ತಿನ ಸಭೆಯಲ್ಲಿದ್ದವರಲ್ಲಿ ಈಗ ಉಳಿದಿರುವವರು ನೀನು, ನಾನು, ಹಾನ್. ಹಾನ್ ಆಗ ಹೊಸಬಳು. "ಏನೋ ಮಾತಾಡಿದ್ರಿ, ಗ್ಲೆನಿಸ್. ನಂಗೆ ಆವಾಗ ಇಂಗ್ಲಿಷೇ ಸರಿಯಾಗಿ ಬರ್ತಿರ್ಲಿಲ್ಲ. ನೀವೆಲ್ಲಾ ಅತ್ರಿ, ನಾನೂ ಅತ್ತೆ" ಅಂದಳು.

ನಾನು ಪುಸ್ತಕಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡಿದ್ದಾಗ ಡಾರಿಲ್ ಬಂದ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಈಗಲೂ ವಾರಕ್ಕೆ ನಾಲ್ಕು ದಿನ ಹೋಗುತ್ತಾನೆ. ಏನು ಹುಡುಕುತ್ತಿದ್ದೀಯ ಅಂದ. ಹೇಳಿದೆ. ಅವನಿಗೆ ಸುಳ್ಳು ಹೇಳುವುದನ್ನು ಬಹಳ ಹಿಂದೆಯೇ ಬಿಟ್ಟಿದ್ದೇನೆ. ಸ್ವಲ್ಪ ಹೊತ್ತು ಬ್ರೆಡ್ಡು ತಿಂದ. "ನೀನು ಸತ್ಮೇಲೆ ನನ್ನ ಕೇಳ್ದೆ ಯಾರೋ ಬಂದು ಬೀಗ ಹಾಕ್ತಾರಾ?" ಅಂದ. ಗೊತ್ತಿಲ್ಲ ಅಂದೆ. "ಗೊತ್ತಿರೋರನ್ನ ಕೇಳು ಮತ್ತೆ" ಅಂದು ಟಿವಿಯಲ್ಲಿ ಫುಟ್‌ಬಾಲ್ ಹಾಕಿಕೊಂಡ. ಪೋರ್ಟ್ ತಂಡ ಈ ವರ್ಷ ಚೆನ್ನಾಗಿ ಆಡುತ್ತಿದೆ.

ನೀನು ಇನ್ನೊಮ್ಮೆ ಯೋಚಿಸು. ಬೇರೆ ಎಲ್ಲಾದರೂ ಬರೆದಿಟ್ಟಿದ್ದೀಯ? ಚೀಟಿಯಲ್ಲಿ, ಯಾರಿಗಾದರೂ ಬರೆದ ಕಾಗದದಲ್ಲಿ?

ಗ್ಲೆನಿಸ್


2014 ಮೇ 4, ಭಾನುವಾರ
ಸೆಮಫೋರ್

ರಸ್ಮಾ,

ನಾಲ್ಕು ವಾರವಾಯಿತು. ಈಸ್ಟರಿಗೂ ಕಾರ್ಡು ಬರಲಿಲ್ಲ. ನಿನ್ನ ಸಿಟ್ಟು ನನಗೆ ಗೊತ್ತಾಗುತ್ತದೆ. ಹೇಳದೆಯೂ ನೀನು ಊಹಿಸಿದ್ದೀಯ, ಆದ್ದರಿಂದ ಹೇಳಿಯೇ ಬಿಡುತ್ತೇನೆ. ನಾನು ವಿಲೀನದ ಪರ ಮತ ಹಾಕಲಿದ್ದೇನೆ.

ಏಳನೆಯ ಮನೆಯ ಗೀಸರ್ ಕೆಟ್ಟು ಮೂರು ವಾರವಾಗಿತ್ತು. ಆ ಹುಡುಗಿಗೆ ಎಳೆಯ ಮಗು. ನಾನು ಫೋನಿನ ಮೇಲೆ ಫೋನು ಮಾಡಿದೆ, ಬರಬೇಕಾದವನು ಬರಲಿಲ್ಲ, ಅವಳು ನಮ್ಮ ಮನೆಗೆ ಬಂದು ಮಗುವಿಗೆ ಸ್ನಾನ ಮಾಡಿಸುತ್ತಿದ್ದಳು. ಒಂದು ದಿನ ಬಾತ್‌ರೂಮಿನ ಬಾಗಿಲಲ್ಲಿ ನಿಂತು, "ಬೇಜಾರ್ ಮಾಡ್ಕೋಬೇಡಿ ಗ್ಲೆನಿಸ್, ಇದನ್ನ ಮಾಡೋಕೆ ಸಂಬಳ ತಗೊಳ್ಳೋರು ಯಾರಾದ್ರೂ ಇದ್ರೆ ನಾನು ಅವ್ರ ಮೇಲೆ ಕೂಗಾಡಬಹುದಿತ್ತು. ನಿಮ್ಮ ಮೇಲೆ ಹೇಗೆ ಕೂಗಾಡ್ಲಿ?" ಅಂದಳು. ಇಪ್ಪತ್ತೆಂಟು ವರ್ಷದಲ್ಲಿ ಸಂಘದ ಬಗ್ಗೆ ಯಾರೂ ಇಷ್ಟು ಸರಿಯಾಗಿ ಹೇಳಿರಲಿಲ್ಲ.

ಇನ್ನೊಂದು ಸಂಗತಿ. ಮಾರ್ಚ್ ಸಭೆಯ ದಿನ ಕುರ್ಚಿಗಳನ್ನು ಎತ್ತಿಡುವಾಗ ಮೆಟ್ಟಿಲಿನಿಂದ ಬಿದ್ದೆ. ಮಣಿಕಟ್ಟು ಬಿರುಕು ಬಿಟ್ಟಿತ್ತು. ಈಗ ಪಟ್ಟಿ ಬಿಚ್ಚಿದ್ದಾರೆ. ಹಿಂದಿನ ಕಾಗದಗಳಲ್ಲಿ ಅಕ್ಷರ ವಕ್ರವಾಗಿದ್ದರೆ ಕಾರಣ ಅದು. ಡಾರಿಲ್ ಆರು ವಾರ ಅಡುಗೆ ಮಾಡಿದ. ದಿನವೂ ಸಾಸೇಜು. ಚೆನ್ನಾಗಿತ್ತು ಎಂದು ಹೇಳಲಾರೆ, ಆದರೆ ಒಂದು ದಿನವೂ ಒಲೆ ಆರಿಸುವುದನ್ನು ಮರೆಯಲಿಲ್ಲ.

ಹೆದರಿಕೆ ಇರುವುದು ಒಂದೇ. ನನ್ನ ಕೈಯಿಂದಲೇ ಮತ ಹಾಕಿ, ನನ್ನ ಮಗನ ಮನೆಯನ್ನು ಅವನನ್ನು ಕಂಡೇ ಇಲ್ಲದವರಿಗೆ ಒಪ್ಪಿಸುತ್ತಿದ್ದೇನೆಯೆ ಎಂದು.

ಸಿಟ್ಟಿದ್ದರೂ ಬರೆ.

ಗ್ಲೆನಿಸ್


2014 ಮೇ 15
ಬರ್ನಿ

ಗ್ಲೆನಿಸ್,

ಸಿಟ್ಟಿಲ್ಲ. ಕೆಮ್ಮಿತ್ತು.

ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕಿತು. ಜೊತೆಗಿಟ್ಟಿದ್ದೇನೆ. 1996ರ ಜುಲೈ 14ರ ಸಭೆಯ ನಡಾವಳಿ, ನನ್ನ ಸಹಿ ಇದೆ. ಪುಸ್ತಕದಿಂದ ಬೇರೆಯಾಗಿ ಉಳಿದುಬಿಟ್ಟಿತ್ತು ಅಂತ ಕಾಣುತ್ತದೆ. ಅವರಿಗೆ ತೋರಿಸು. ಜಾಸ್ತಿ ಮಾತಾಡಬೇಡ, ಸುಮ್ಮನೆ ತೋರಿಸು.

ಮಣಿಕಟ್ಟಿನ ವಿಷಯ ಮೊದಲೇ ಹೇಳಬೇಕಿತ್ತು.

ರಸ್ಮಾ


2014 ಮೇ 22
ಸೆಮಫೋರ್

ಪ್ರಿಯ ರಸ್ಮಾ,

ನಿನ್ನ ಲಕೋಟೆ ತೆರೆದಾಗ ಕಣ್ಣೀರು ಬಂತು. ಹಾನ್ ಮನೆಗೆ ಹಾಗೇ ಓಡಿದೆ. ಚಪ್ಪಲಿಯನ್ನೂ ಸರಿಯಾಗಿ ಹಾಕಿರಲಿಲ್ಲ. ಕ್ಲೈವ್ ಅಲ್ಲೇ ಇದ್ದ, ಅವಳ ಅಡುಗೆಮನೆಯ ನಲ್ಲಿಯ ಕೆಳಗೆ ಮಲಗಿ ಬೈಯುತ್ತಿದ್ದ. ಹಾನ್ ಪುಟವನ್ನು ಗಟ್ಟಿಯಾಗಿ ಓದಿದಳು. ಹಾಜರಿದ್ದವರ ಹೆಸರಿಗೆ ಬಂದಾಗ ನಿಲ್ಲಿಸಿದಳು.

"ಕ್ಲೈವ್, ತೊಂಬತ್ತಾರರಲ್ಲಿ ನೀನೆಲ್ಲಿದ್ದೆ?"

"ವೈಯಲ್ಲಾದಲ್ಲಿ, ಉಕ್ಕಿನ ಕಾರ್ಖಾನೆ. ಯಾಕೆ?"

"ಇಲ್ಲಿ ನೀನು ಸಭೆಗೆ ಬಂದಿದ್ದೆ ಅಂತ ಇದೆ. ದುರಸ್ತಿ ಅಧಿಕಾರಿ ಬೇರೆ."

ಕ್ಲೈವ್ ನಲ್ಲಿಯ ಕೆಳಗಿನಿಂದ ಹೊರಗೆ ಬಂದು, ಕನ್ನಡಕ ಏರಿಸಿ, ಪುಟವನ್ನು ಬೆಳಕಿಗೆ ಹಿಡಿದ. ಮೂಸಿ ನೋಡಿದ. "ಹಳೇದು ಕಾಣ್ಲಿ ಅಂತ ಚಹಾದಲ್ಲಿ ಅದ್ದಿದಾಳೆ" ಅಂದ. "ಒಳ್ಳೇ ಚಹಾ ಕಣ್ರೇ, ಹಾಲು ಹಾಕಿಲ್ಲ. ಐದು ವರ್ಷ ಮುಂಚೆನೇ ನಂಗೆ ಕೆಲಸ ಹಚ್ಚಿದಾಳೆ. ಸಂಬಳ ಬಾಕಿ ಕೇಳ್ಬೇಕು." ಹಾನ್ ನಗುತ್ತಾ ಮೇಜಿಗೆ ತಲೆಯಿಟ್ಟಳು. ನಾನೂ ನಕ್ಕೆ, ರಸ್ಮಾ. ಮನೆಗೆ ಬಂದ ಮೇಲೆ ನಗಲಿಲ್ಲ.

ನೀನು ಸುಳ್ಳು ಬರೆದೆ ಎಂದು ನನಗೆ ಬೇಸರವಿಲ್ಲ. ನೀನು ನನ್ನ ಸಲುವಾಗಿ ಏನು ಬೇಕಾದರೂ ಮಾಡುತ್ತೀಯ. ಆದರೆ ಆ ಪುಟ ಇದ್ದದ್ದು ನಿಜ ಎಂದು ಒಂದು ಗಂಟೆ ನಂಬಿದ್ದೆನಲ್ಲ, ಅದು ಹೋದದ್ದಕ್ಕೆ ಬೇಸರ. ಇದನ್ನು ನಾನು ಬಳಸುವುದಿಲ್ಲ. ಡಾರಿಲ್ ಎಲ್ಲಿ ಇರಬೇಕು ಅನ್ನುವುದು ಯಾರೋ ಬೆಳಕಿಗೆ ಹಿಡಿದು ನೋಡಿದರೆ ಬಿದ್ದುಹೋಗುವ ಕಾಗದದ ಮೇಲೆ ನಿಲ್ಲಬಾರದು. ವಾಪಸು ಕಳಿಸುತ್ತಿದ್ದೇನೆ.

ಮುಂದಿನ ವಾರ ಸ್ಯಾಂಡ್‌ಪೈಪರ್‌ನವಳು ಮನೆ ಮನೆಗೆ ಬರುತ್ತಾಳಂತೆ. ತಾಮ್ಸಿನ್ ಎಂದು ಹೆಸರು. ಡಾರಿಲ್ ಹೇಳಿದ ಹಾಗೆ ಗೊತ್ತಿರುವವರನ್ನೇ ಕೇಳುತ್ತೇನೆ. ಮೂರು ತಿಂಗಳಿಂದ ಇದೊಂದನ್ನು ಬಿಟ್ಟು ಬೇರೆ ಎಲ್ಲ ಮಾಡಿದೆ. ಕೇಳಿದರೆ ಇಲ್ಲ ಅನ್ನಬಹುದು ಎಂಬ ಭಯ.

ಗ್ಲೆನಿಸ್


2014 ಜೂನ್ 1
ಬರ್ನಿ

ಪ್ರಿಯ ಗ್ಲೆನಿಸ್,

ಪುಟವನ್ನು ಹರಿದು ಒಲೆಗೆ ಹಾಕಿದೆ. ಕ್ಲೈವ್‌ಗೆ ಹೇಳು, ಹಾಲು ಹಾಕಿದರೆ ಕಾಗದ ಅಂಟುತ್ತದೆ.

ನಾಲ್ಕು ವಾರ ಬರೆಯದೆ ಇದ್ದದ್ದು ಕೆಮ್ಮಿನಿಂದಲ್ಲ. ಹಸಿರು ಪುಸ್ತಕದಲ್ಲಿ ಇದೆ ಎಂದು ನಾನು ನಿಜವಾಗಿಯೂ ನಂಬಿದ್ದೆ. ನಿನ್ನ ಕಾಗದ ಬಂದ ಮೇಲೆ 1996ರ ಆ ಸಂಜೆ ಪೂರ್ತಿ ಕಣ್ಣೆದುರಿಗೆ ಬಂತು. ನಾನು ಪೆನ್ನು ತೆಗೆದಿದ್ದೆ, ಗ್ಲೆನಿಸ್. ನೀನು ಅಳುತ್ತಿದ್ದೆ. ಇದನ್ನು ಬರೆದುಕೊಂಡರೆ ಇವಳ ಕಣ್ಣೆದುರಿಗೆ ಇವಳ ಸಾವನ್ನು ಬರೆದ ಹಾಗಾಗುತ್ತದೆ ಅನ್ನಿಸಿ ಪೆನ್ನು ಮುಚ್ಚಿದೆ. "ಇದನ್ನೆಲ್ಲಾ ಬರೆಯೋ ಅವಶ್ಯಕತೆ ನಮ್ಮಲ್ಲಿಲ್ಲ" ಅಂದೆ, ಎಲ್ಲರೂ ತಲೆಯಾಡಿಸಿದರು. ಆ ನಿಯಮ ಮಾಡಿದವಳೂ ನಾನೇ. ಬಹಳ ಹೆಮ್ಮೆ ಇತ್ತು ನನಗೆ ಅದರ ಬಗ್ಗೆ.

ಇನ್ನೊಂದು. ಇದನ್ನು ಹೇಳುವುದು ಕಷ್ಟ. ನಾನಿರುವ ಈ ಮನೆಯೂ ಅಂಥದೇ ಒಂದು ಸಂಸ್ಥೆಯದು. ಮೂರು ವರ್ಷವಾಯಿತು. ಮೊದಲು ಇದ್ದ ಬಾಡಿಗೆ ಮನೆಯನ್ನು ಮಾರಿದರು, ಎಪ್ಪತ್ತರ ಹತ್ತಿರದವಳಿಗೆ ಯಾರೂ ಮನೆ ಕೊಡಲಿಲ್ಲ, ಅರ್ಜಿ ಹಾಕಿದೆ. ನಿನಗೆ ಹೇಳಲಿಲ್ಲ. ನಿಮಗೆಲ್ಲ ಒಡೆಯ ಇಲ್ಲದ ಬದುಕನ್ನು ಬೋಧಿಸಿ ಹೋದವಳು ಒಡೆಯನ ಹಿಂಬಾಗಿಲಿನಿಂದ ಒಳಗೆ ಬಂದು ಕೂತಿದ್ದೇನೆ ಅಂತ ಹೇಗೆ ಬರೆಯಲಿ?

ಹಲಗೆ ಹಿಡಿದ ಹುಡುಗಿ ಬರುತ್ತಾಳೆ, ವರ್ಷಕ್ಕೊಮ್ಮೆ, ಹದಿನೈದು ದಿನ ಮೊದಲೇ ತಿಳಿಸಿ. ಬೀರು ತೆಗೆಯುವುದಿಲ್ಲ. ಹೊಗೆ ಎದ್ದರೆ ಕೂಗುವ ಗಂಟೆಯನ್ನು ಒತ್ತಿ ನೋಡುತ್ತಾಳೆ, ನಾನು ಮಾಡಿದ ಕೇಕ್ ತಿನ್ನುತ್ತಾಳೆ, ಹೋಗುತ್ತಾಳೆ. ನೀನು ಇಷ್ಟಪಡದ ವಿಷಯವೂ ಇದೆ: ಪಕ್ಕದ ಮನೆಗೆ ಯಾರು ಬರುತ್ತಾರೆ ಅಂತ ನನ್ನನ್ನು ಯಾರೂ ಕೇಳುವುದಿಲ್ಲ. ಮೀಟಿಂಗ್ ಇಲ್ಲ. ಮೊದಲ ವರ್ಷ ಅದೇ ದೊಡ್ಡ ಕೊರತೆ ಅನ್ನಿಸಿತು. ಯಾರ ಜೊತೆ ಜಗಳ ಆಡಬೇಕು ಗೊತ್ತಾಗುತ್ತಿರಲಿಲ್ಲ. ಆದರೆ ಚೆನ್ನಾಗಿ ನಿದ್ದೆ ಮಾಡುತ್ತೇನೆ.

ನಿನ್ನ ಮತಕ್ಕೆ ಇದರಿಂದ ಏನಾದರೂ ಸಹಾಯವಾದರೆ ಆಗಲಿ. ಆಗದಿದ್ದರೂ, ಒಮ್ಮೆ ಬೈದು ಬರೆ.

ನಿನ್ನ ರಸ್ಮಾ


2014 ಜೂನ್ 22, ಭಾನುವಾರ
ಸೆಮಫೋರ್

ಪ್ರಿಯ ರಸ್ಮಾ,

ನಿನ್ನನ್ನು ಬೈಯಲು ಕೂತೆ, ಆಗಲಿಲ್ಲ. ಮೂರು ವರ್ಷ ನೀನು ಬೆಚ್ಚಗಿದ್ದೆ ಅನ್ನುವುದಕ್ಕೆ ಬೈಯುವುದು ಹೇಗೆ?

ನಿನ್ನೆ ಮತದಾನ ಮುಗಿಯಿತು. ಪರ ಹನ್ನೆರಡು, ವಿರುದ್ಧ ಒಂದು. ಒಂಬತ್ತನೆಯ ಮನೆಯವರು ಊರಲ್ಲಿರಲಿಲ್ಲ. ಅಕ್ಟೋಬರ್ ಒಂದರಿಂದ ನಾವು ಸ್ಯಾಂಡ್‌ಪೈಪರ್‌ನವರು. ವಿರುದ್ಧ ಹಾಕಿದವನು ಕ್ಲೈವ್. "ಹನ್ನೆರಡು ಗ್ಯಾರಂಟಿ ಅಂತ ಗೊತ್ತಾದ್ಮೇಲೇ ಕೈ ಎತ್ತಿದ್ದು" ಅಂದ. "ಎಲ್ಲಾ ಒಪ್ಪಿಬಿಟ್ರೆ ಪುಸ್ತಕದಲ್ಲಿ ಏನೂ ಬರೆಯಲ್ಲ ಈ ಗ್ಲೆನಿಸ್." ನಿನ್ನೆಯಿಂದ ಅವನು ಕುಂಟುವುದೂ ಕಡಿಮೆಯಾಗಿದೆ ಎಂದು ಹಾನ್ ಹೇಳುತ್ತಾಳೆ. ಹದಿನಾಲ್ಕು ಮನೆಯ ಚರಂಡಿಗಳು ಅವನ ಮಂಡಿಯ ಮೇಲೆ ಕೂತಿದ್ದವು.

ಒಂದನ್ನು ಕೇಳಿ ಪಡೆದಿದ್ದೇವೆ: ಮನೆ ಖಾಲಿಯಾದಾಗ ಯಾರಿಗೆ ಕೊಡಬೇಕು ಎಂಬ ಬಗ್ಗೆ ನಮ್ಮಲ್ಲಿ ಇಬ್ಬರನ್ನು ಕೇಳಬೇಕು. ಕೇಳುತ್ತಾರೆ, ಆದರೆ ತೀರ್ಮಾನ ಅವರದೇ. ಅಷ್ಟು ಹೋಯಿತು. ಹೋಗಲಿಲ್ಲ ಎಂದು ನಟಿಸುವುದಿಲ್ಲ.

ಈಗ ಡಾರಿಲ್ ವಿಷಯ. ತಾಮ್ಸಿನ್ ಬಂದು ಮೇಜಿಗೆ ಕೂತಳು. ಮೂವತ್ತು ವರ್ಷದವಳಿರಬಹುದು, ನೆಗಡಿಯಾಗಿತ್ತು. ನಾನು 1996ರಿಂದ ಶುರುಮಾಡಿ, ಶಸ್ತ್ರಚಿಕಿತ್ಸೆ, ನಿನ್ನ ಅಡುಗೆಮನೆ, ನಿಯಮ, ಪುಸ್ತಕಗಳು, ಎಲ್ಲ ಹೇಳಿದೆ. ಅವಳು ಮೂಗು ಒರೆಸಿಕೊಂಡು, "ಇವ್ರು ಇಲ್ಲೇ ಇರೋದು ಎಷ್ಟು ವರ್ಷದಿಂದ?" ಅಂದಳು. ಇಪ್ಪತ್ತೆಂಟು ಅಂದೆ. "ಹಾಗಾದ್ರೆ ಕರಾರಿನಲ್ಲಿ ಇವ್ರ ಹೆಸರೂ ಹಾಕೋಣ. ಹೇಗೂ ಎಲ್ಲರದ್ದೂ ಹೊಸದಾಗಿ ಮಾಡ್ತಿದೀವಿ. ಇಬ್ರೂ ಬಾಡಿಗೆದಾರರು. ಒಬ್ರು ಹೋದ್ರೆ ಇನ್ನೊಬ್ರದ್ದು ಮುಂದುವರಿಯತ್ತೆ. ಎರಡು ಕೋಣೆ ಮನೆಯಲ್ಲಿ ಒಬ್ರು ಇರಬಹುದು, ನಮ್ಮ ನಿಯಮದಲ್ಲೇ ಇದೆ."

ಅಷ್ಟೇ ಅಂದೆ. ಅಷ್ಟೇ ಅಂದಳು. ಕಾಗದಪತ್ರದಲ್ಲಿ ಅವನಿಗೆ ನೆರವಾಗಲು ಒಬ್ಬರು ಬರುತ್ತಾರಂತೆ, ಅದೂ ಬರಹದಲ್ಲಿ ಇರುತ್ತದಂತೆ.

ಡಾರಿಲ್‌ಗೆ ಅವಳು ಕರಡನ್ನು ಸಾಲು ಸಾಲಾಗಿ, ನಿಧಾನವಾಗಿ ಓದಿದಳು. ಅವನು ಕೈಕಟ್ಟಿ ಕೇಳಿದ. ಕೊನೆಗೆ, "ಸಹಿ ಹಾಕಿದ್ರೆ ನಾನು ಅಮ್ಮನ್ನ ಹೊರಗೆ ಹಾಕ್ಬಹುದಾ?" ಅಂದ.

"ಇಲ್ಲ. ಇಬ್ರಿಗೂ ಒಂದೇ ಹಕ್ಕು."

"ಅಮ್ಮ ನನ್ನ?"

"ಅವ್ರಿಗೂ ಆಗಲ್ಲ."

"ಸರಿ ಬಿಡಿ" ಅಂದ. "ಇರ್ಲಿ ಅವ್ಳು."

ಆವತ್ತು ಸಂಜೆ ನಾನು ಸಮುದ್ರದ ಕಡೆಗೆ ಒಬ್ಬಳೇ ನಡೆದೆ. ಚಳಿ, ಯಾರೂ ಇರಲಿಲ್ಲ. ಕಾಲಿಗೆ ಭಾರವೇ ಇರಲಿಲ್ಲ. ಇಷ್ಟು ವರ್ಷ ಯಾವ ಭಾರ ಹೊತ್ತಿದ್ದೆ ಎಂದು ಅದು ಇಳಿದ ಮೇಲೆ ಗೊತ್ತಾಗುತ್ತಿತ್ತು. ಅಲ್ಲೇ ಬೆಂಚಿನ ಮೇಲೆ ಕೂತು ಇನ್ನೊಂದು ಯೋಚನೆ ಬಂತು. ಮನೆ ಅವನದಾಯಿತು. ಆದರೆ ಒಬ್ಬನೇ ಆ ಮನೆಯಲ್ಲಿ ಅವನು ಒಂದು ದಿನವೂ ಇದ್ದವನಲ್ಲ. ನಾನು ಆಸ್ಪತ್ರೆಯಲ್ಲಿದ್ದಾಗಲೂ ನೀನು ಬಂದು ಇದ್ದೆ. ಕರಾರು ಅವನಿಗೆ ಬಾಗಿಲು ಕೊಡುತ್ತದೆ, ಅದರ ಒಳಗೆ ಇರುವುದನ್ನು ಕೊಡುವುದಿಲ್ಲ. ಅದನ್ನು ನಾನು ಸತ್ತ ಮಾರನೆಯ ದಿನ ಅವನು ಮೊದಲ ಸಲ ಕಲಿಯುವಂತಾಗಬಾರದು.

ಹೀಗೆ ತೀರ್ಮಾನಿಸಿದ್ದೇನೆ. ಸೆಪ್ಟೆಂಬರ್ ಎರಡನೆಯ ವಾರ, ಸೋಮವಾರದಿಂದ ಭಾನುವಾರದವರೆಗೆ, ನಾನು ಬರ್ನಿಗೆ ಬರುತ್ತೇನೆ. ಡಾರಿಲ್ ಇಲ್ಲಿರುತ್ತಾನೆ, ಒಬ್ಬನೇ. ಹಾನ್ ದಿನಾ ಹೋಗಿ ನೋಡುತ್ತೇನೆ ಅಂದಳು. ಅವನೇ ಕರೆದರೆ ಹೋಗು, ಇಲ್ಲದಿದ್ದರೆ ಬೇಡ ಎಂದು ಹೇಳಿದ್ದೇನೆ. ವಿಮಾನದ ಟಿಕೆಟ್ ಇನ್ನೂ ತೆಗೆದಿಲ್ಲ. ಅವನಿಗೂ ಇನ್ನೂ ಹೇಳಿಲ್ಲ. ಗುರುವಾರ ಅವನಿಗೆ ರಜೆ. ಬೆಳಗಿನ ತಿಂಡಿ ಆದ ಮೇಲೆ ಹೇಳುತ್ತೇನೆ.

ಗ್ಲೆನಿಸ್